ರಬ್ಬರಕ್ಕ ಎರಡು ಸಲ ಅಳಿಸಿದ್ದು

ಕಟ್ಟಿದವರನ್ನು ಲೋಕ ಹೊಗಳುತ್ತದೆ, ಗುಡಿಸಿದವರನ್ನು ಯಾರೂ ಕೇಳುವುದಿಲ್ಲ. ಇದು ಲಾಗಾಯ್ತಿನಿಂದ ನಡೆದುಬಂದದ್ದು, ಗೊಣಗಿ ಪ್ರಯೋಜನವಿಲ್ಲ. ಆದರೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲಿದ್ದ ಆ ಪುಟ್ಟ ಕಚೇರಿಯಲ್ಲಿ ಲೆಕ್ಕ ಸ್ವಲ್ಪ ತಲೆಕೆಳಗು. ಅಲ್ಲಿ ವೆಬ್‌ಸೈಟು ಕಟ್ಟುವವರು ಬರುತ್ತಿದ್ದರು, ಹೋಗುತ್ತಿದ್ದರು. ಮುಖದ ಗುರುತು ಹತ್ತುವಷ್ಟರಲ್ಲಿ ಇನ್ನೆಲ್ಲೋ ಸೇರಿಕೊಂಡಿರುತ್ತಿದ್ದರು. ಅಳಿಸುವವಳು ಮಾತ್ರ ಒಬ್ಬಳೇ, ಕಾಯಂ. ಅವಳಿಗೆ ಅವರೆಲ್ಲ ಸೇರಿ ಇಟ್ಟ ಹೆಸರು ರಬ್ಬರಕ್ಕ.

ಹೆಸರಿನ ಬಗ್ಗೆ ಅವಳಿಗೆ ತಕರಾರಿರಲಿಲ್ಲ. "ಪೆನ್ಸಿಲ್ ಅಂತ ಇಟ್ಟಿದ್ರೆ ಕಷ್ಟ ಆಗ್ತಿತ್ತು ನೋಡಿ, ದಿನಾ ಮೂತಿ ಚೂಪು ಮಾಡಿಸ್ಕೋಬೇಕಿತ್ತು" ಎಂದು ನಗುತ್ತಿದ್ದಳು. ನಲವತ್ತು ದಾಟಿದ ಹೆಂಗಸು. ಮೆಟ್ಟಿಲು ಹತ್ತಿ ಬಂದ ಕೂಡಲೇ ಕಿಟಕಿ ತೆರೆದು, ಕೆಳಗಿನ ಅಂಗಡಿಯ ಟಯರಿನ ವಾಸನೆ ಒಳಗೆ ಬಂದ ಮೇಲೆ ತಾನೇ ಬೈದುಕೊಂಡು ಮುಚ್ಚುವುದು ಅವಳ ದಿನಚರಿ.

ಆ ಕಚೇರಿಯವರು ಸಣ್ಣಪುಟ್ಟ ಅಂಗಡಿಯವರ, ಹಲ್ಲಿನ ಡಾಕ್ಟರರ, ಡ್ರೈವಿಂಗ್ ಕಲಿಸುವವರ ವೆಬ್‌ಸೈಟುಗಳನ್ನು ತಮ್ಮ ಸರ್ವರಿನಲ್ಲಿ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದರು. ಸರ್ವರು ಅಂದರೆ ಏನೋ ಮಹಾ ಅಂದುಕೊಳ್ಳಬೇಡಿ. ಗಾಜಿನ ಬಾಗಿಲಿನ ಕಪಾಟಿನೊಳಗೆ ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದ ಒಂದು ಕಪ್ಪು ಪೆಟ್ಟಿಗೆ, ಅದರ ಮುಂದೆ ಒಂದು ಟೇಬಲ್ ಫ್ಯಾನು. ಒಬ್ಬೊಬ್ಬ ಗಿರಾಕಿಯ ವಿವರಗಳಿಗೂ ಅದರೊಳಗೆ ಒಂದೊಂದು ಡೇಟಾಬೇಸು. ಗಿರಾಕಿ ಅಂಗಡಿ ಮುಚ್ಚಿದರೆ, ಇಲ್ಲವೇ ಮುನಿಸಿಕೊಂಡು ಬೇರೆ ಕಡೆ ಹೋದರೆ, ಆ ಡೇಟಾಬೇಸನ್ನು ಅಳಿಸಬೇಕು. ಅದು ರಬ್ಬರಕ್ಕನ ಪಾಲಿನ ಕೆಲಸ, ಯಾಕೆಂದರೆ ಬೇರೆ ಯಾರಿಗೂ ಅಷ್ಟು ಗಟ್ಟಿ ಗುಂಡಿಗೆ ಇರಲಿಲ್ಲ.

ಅಳಿಸಲು ಅವಳ ಹತ್ತಿರ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದು ಪುಟ್ಟ ಪುಟವಿತ್ತು. ಅದರಲ್ಲಿದ್ದದ್ದು ಇಷ್ಟೇ: ಸರ್ವರಿನ ಬಾಗಿಲು ತಟ್ಟು, ಗುಪ್ತಪದ ಹೇಳು, ಇಂಥ ಹೆಸರಿನ ಡೇಟಾಬೇಸನ್ನು ತೆಗೆದುಹಾಕು ಅನ್ನು, ಆಯಿತೋ ಇಲ್ಲವೋ ಕೇಳಿಕೊಂಡು ಬಂದು ಹೇಳು, ಬರುವಾಗ ಬಾಗಿಲು ಹಾಕಿಕೊಂಡು ಬಾ. ಓದಿದರೆ ಪಕ್ಕದ ಮನೆಗೆ ಸಕ್ಕರೆ ತರಲು ಕಳಿಸುವ ಮಗುವಿಗೆ ಹೇಳಿಕೊಟ್ಟ ಹಾಗಿರುತ್ತಿತ್ತು. ಆದರೆ ಸರ್ವರಿಗೆ ದಾಕ್ಷಿಣ್ಯ ಅನ್ನುವುದೇ ಇಲ್ಲ. 'ನಿಜವಾಗ್ಲೂ ಬೇಡ್ವಾ?' ಎಂದು ಮನುಷ್ಯರ ಹಾಗೆ ಇನ್ನೊಮ್ಮೆ ಕೇಳುವುದಿಲ್ಲ. ಹೆಸರು ಹೇಳಿದೆಯಾ, ಮುಗಿಯಿತು. ಅದಕ್ಕೇ ರಬ್ಬರಕ್ಕ ಡೇಟಾಬೇಸಿನ ಹೆಸರನ್ನು ಎಲ್ಲಿಂದಲೂ ನಕಲು ಮಾಡಿ ಅಂಟಿಸುತ್ತಿರಲಿಲ್ಲ. ಒಂದೊಂದೇ ಅಕ್ಷರ ಒತ್ತಿ, ಬಾಯಿಬಿಟ್ಟು ಓದಿ, ಆಮೇಲೆ ಪುಟವನ್ನು ನಡೆಸುತ್ತಿದ್ದಳು.

ಇನ್ನು ಯಜಮಾನರ ವಿಷಯ. ಆ ಮನುಷ್ಯ ಹುಟ್ಟಿದಾಗಿನಿಂದ ಏನನ್ನೂ ಬಿಸಾಡಿದವರಲ್ಲ. ಕೆಟ್ಟ ಕೀಬೋರ್ಡು, ತುಂಡು ವೈರು, ಯಾವ ಬೀಗಕ್ಕೂ ಹೊಂದದ ಕೀಲಿಕೈ, ಮುಗಿದ ಪೆನ್ನಿನ ಮುಚ್ಚಳ, ಎಲ್ಲ ಅವರ ಮೇಜಿನ ಡ್ರಾಯರುಗಳಲ್ಲಿ ಸುಖವಾಗಿದ್ದವು. "ಇರ್ಲಿ ಬಿಡಮ್ಮ, ಯಾವತ್ತಾದ್ರೂ ಬೇಕಾಗುತ್ತೆ" ಎಂಬ ಮಾತು ಅವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಬೆನ್ನ ಹಿಂದೆ ಅವರ ಹೆಸರು ಉಗ್ರಾಣ. ಏನನ್ನೂ ಬಿಸಾಡದ ಅವರೂ ಅಳಿಸುವುದೇ ಕಸುಬಾದ ಅವಳೂ ಒಂದೇ ಕೋಣೆಯಲ್ಲಿ ಹೇಗೆ ಬಾಳಿದರು ಎಂದು ಯಾರಿಗಾದರೂ ಅನ್ನಿಸಬಹುದು. ಚೆನ್ನಾಗಿಯೇ ಬಾಳಿದರು. ಅವಳು ಏನನ್ನಾದರೂ ಅಳಿಸಿದ ದಿನ ಅವರು ಸ್ವಲ್ಪ ಹೊತ್ತು ಮುಖ ಸಪ್ಪಗೆ ಮಾಡಿಕೊಂಡು, ಒಂದು ಲೋಟ ಟೀ ಕುಡಿದು ಸರಿಹೋಗುತ್ತಿದ್ದರು.

ಒಂದು ಸಲ ಮಾತ್ರ ಸರಿಹೋಗಲಿಲ್ಲ. ಕೆಲಸ ಬಿಡುವವನೊಬ್ಬ ತನ್ನ ಕಡೆಯ ದಿನ, ಪ್ರಯೋಗಕ್ಕೆಂದು ಇಟ್ಟುಕೊಂಡಿದ್ದ ಡೇಟಾಬೇಸನ್ನು ಅಳಿಸಲು ಹೋಗಿ ಡ್ರೈವಿಂಗ್ ಶಾಲೆಯವರ ನಿಜವಾದದ್ದನ್ನೇ ಅಳಿಸಿಬಿಟ್ಟ. ಯಾರ ಪರೀಕ್ಷೆ ಯಾವತ್ತು ಎಂದು ಯಾರಿಗೂ ಗೊತ್ತಾಗದೆ ಅರ್ಧ ಊರು ಕಾರು ಹತ್ತಿ ಕೂತು ಕಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ರಬ್ಬರಕ್ಕ ಅದೇ ಪಿಎಚ್‌ಪಿಯಲ್ಲಿ ಇನ್ನೊಂದು ಪುಟ ಬರೆದಳು. ಅದಕ್ಕೆ ಕಾವಲು ಎಂದು ಹೆಸರು. ಕಾವಲಿನ ಬಳಿ ಎಲ್ಲ ಡೇಟಾಬೇಸುಗಳ ಹೆಸರಿನ ಪಟ್ಟಿಯೂ, ಬೇರೆ ಯಂತ್ರದಲ್ಲಿ ಅವುಗಳ ಒಂದೊಂದು ಪ್ರತಿಯೂ ಇರುತ್ತಿತ್ತು. ಪ್ರತಿ ದಿನ ನಸುಕಿನಲ್ಲಿ ಅದು ತಾನಾಗಿ ಎದ್ದು ಸರ್ವರಿಗೆ ಹೋಗಿ ಹಾಜರಿ ಕರೆಯುತ್ತಿತ್ತು. ಯಾವುದಾದರೂ ಕಾಣೆಯಾಗಿದ್ದರೆ ತನ್ನ ಪ್ರತಿಯಿಂದ ಅದನ್ನು ಮತ್ತೆ ಹುಟ್ಟಿಸಿ, ಯಜಮಾನರಿಗೂ ರಬ್ಬರಕ್ಕನಿಗೂ ವರದಿ ಕಳಿಸುತ್ತಿತ್ತು. ಹಾಗಾಗಿ ಬೇಕೆಂದೇ ಅಳಿಸುವಾಗ ಮೊದಲು ಕಾವಲಿನ ಪಟ್ಟಿಯಿಂದ ಹೆಸರು ತೆಗೆಯಬೇಕು. ಹಾಗೆ ತೆಗೆದರೆ ಅದರ ಪ್ರತಿಯೂ ಹೋಗುತ್ತದೆ. ಆಮೇಲೆ ಅಳಿಸಬೇಕು. ಈ ಕ್ರಮವನ್ನು ಹಾಕಿದವಳು ಅವಳೇ, ಇತರರಿಗೆ ಬೈದು ಬೈದು ಕಲಿಸಿದವಳೂ ಅವಳೇ.

ಆ ಸರ್ವರಿನಲ್ಲಿ ನರ್ಸಮ್ಮನದೂ ಒಂದು ಡೇಟಾಬೇಸಿತ್ತು. ನರ್ಸಮ್ಮ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ಒಂದು ವೆಬ್‌ಸೈಟು ಶುರುಮಾಡಿದ್ದರು. ಡಾಕ್ಟರರ ಮುಂದೆ ಕೂತು ಬಾಯಿಬಿಟ್ಟು ಹೇಳಲಾಗದ್ದನ್ನು ಜನ ಅಲ್ಲಿ ಬರೆಯುತ್ತಿದ್ದರು. ನರ್ಸಮ್ಮ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಗುಟ್ಟಾಗಿ ಉತ್ತರ ಕಳಿಸುತ್ತಿದ್ದರು. ಪುಟದ ನೆತ್ತಿಯ ಮೇಲೆ ಅವರದೊಂದು ಮಾತಿತ್ತು: 'ನೀವು ಬರೆದದ್ದನ್ನು ಓದುವವಳು ನಾನೊಬ್ಬಳೇ. ನಾನು ಇದನ್ನು ನಿಲ್ಲಿಸುವ ದಿನ ನಿಮ್ಮ ಮಾತುಗಳನ್ನೆಲ್ಲ ಅಳಿಸಿಯೇ ನಿಲ್ಲಿಸುತ್ತೇನೆ.'

ಆ ಮಾತನ್ನು ನಂಬಿ ಬರೆದವರಲ್ಲಿ ರಬ್ಬರಕ್ಕನೂ ಒಬ್ಬಳು.

ಆಗ ಅವಳು ರಬ್ಬರಕ್ಕ ಆಗಿರಲಿಲ್ಲ. ಮಗಳು ಹುಟ್ಟಿದ್ದ ಹೊಸದು. ಬಂದವರೆಲ್ಲ ಮಗುವಿನ ಗಲ್ಲ ಹಿಡಿದು ಮುದ್ದು ಮಾಡಿ ಹೋಗುತ್ತಿದ್ದರು. ಅವಳಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ಯಾರೋ ತಮ್ಮ ಕೂಸನ್ನು 'ಸ್ವಲ್ಪ ನೋಡ್ಕೊಳಿ' ಎಂದು ಕೈಗೆ ಕೊಟ್ಟುಹೋಗಿದ್ದಾರೆ, ಕರೆದುಕೊಂಡು ಹೋಗಲು ಯಾಕೆ ಇನ್ನೂ ಬಂದಿಲ್ಲ ಎಂದು ಬಾಗಿಲು ನೋಡುವ ಹಾಗಾಗುತ್ತಿತ್ತು. ಮಗು ಅತ್ತರೆ ಎದ್ದುಹೋಗಿ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಕೊಂಡು ನಿಲ್ಲುತ್ತಿದ್ದಳು. ಅಮ್ಮನಿಗೆ ಹೇಳೋಣವೆಂದರೆ, 'ಹೆತ್ತವಳು ಆಡೋ ಮಾತಾ ಇದು?' ಅನ್ನುತ್ತಾಳೆ. ಗಂಡನಿಗೆ ಹೇಳೋಣವೆಂದರೆ, ಆತ ಮಗುವನ್ನು ಎತ್ತಿಕೊಂಡು ಕುಣಿಯುತ್ತಿದ್ದ. ಕಡೆಗೆ ಒಂದು ಮಧ್ಯಾಹ್ನ ನರ್ಸಮ್ಮನಿಗೆ ಎಲ್ಲವನ್ನೂ ಬರೆದಳು, ಸ್ವಂತ ಹೆಸರನ್ನೇ ಹಾಕಿ. ಉತ್ತರ ಬಂತು. ಅದು ಹೇಳಿದ ಹಾಗೆ ಡಾಕ್ಟರರ ಹತ್ತಿರ ಒಬ್ಬಳೇ ಹೋಗಿಬಂದಳು. ನಿಧಾನವಾಗಿ ಆ ಕತ್ತಲೆ ಸರಿಯಿತು. ಯಾರಿಗೂ ಹೇಳಲಿಲ್ಲ.

ಮುಂದೆ ಈ ಕಚೇರಿಗೆ ಸೇರಿ, ಸರ್ವರಿನಲ್ಲಿರುವ ಹೆಸರುಗಳನ್ನು ನೋಡುತ್ತ ಬಂದಾಗ ನರ್ಸಮ್ಮನ ಡೇಟಾಬೇಸಿನ ಹೆಸರು ಕಂಡು ಎದೆ ಧಸಕ್ಕೆಂದಿತ್ತು. ಕೀಲಿಕೈ ತನ್ನ ಕೈಯಲ್ಲೇ ಇದೆ. ಒಳಗೆ ಹೋಗಿ ತನ್ನದೊಂದನ್ನು ಹುಡುಕಿ ತೆಗೆಯಬಹುದಿತ್ತು. ಆದರೆ ತನ್ನದನ್ನು ಹುಡುಕಲು ಹೋದರೆ ಪಕ್ಕದವರದು ಕಣ್ಣಿಗೆ ಬೀಳುತ್ತದೆ. ತನ್ನಂಥವರೇ ಯಾರೋ, ತನ್ನ ಹಾಗೆಯೇ ನಂಬಿ ಬರೆದವರು. ಅವಳು ಒಂದು ದಿನವೂ ಅದನ್ನು ತೆರೆಯಲಿಲ್ಲ. ಆದರೆ ಅದು ಅಲ್ಲಿದೆ ಎಂಬುದನ್ನು ಒಂದು ದಿನವೂ ಮರೆಯಲಿಲ್ಲ. ಮಗಳು ಬೆಳೆದು ಕಾಲೇಜಿಗೆ ಹೋಗುವಂತಾದ ಮೇಲಂತೂ ಭಯ ಜಾಸ್ತಿಯಾಯಿತು. ಯಾವತ್ತಾದರೂ, ಹೇಗಾದರೂ, ಆ ಸಾಲುಗಳು ಮಗಳ ಕಣ್ಣಿಗೆ ಬಿದ್ದರೆ? 'ನಿನ್ನನ್ನು ನೋಡಿದರೆ ನನಗೇನೂ ಅನ್ನಿಸುತ್ತಿರಲಿಲ್ಲ' ಎಂದು ಯಾವ ತಾಯಿ ತಾನೇ ಮಗಳಿಗೆ ಓದಲು ಕೊಟ್ಟಾಳು?

ಹೀಗಿರುವಾಗ ನರ್ಸಮ್ಮನಿಂದ ಫೋನು ಬಂತು. ಕಣ್ಣು ಮಂಜಾಗಿದೆ, ಅಕ್ಷರ ಕೂಡಿಕೊಳ್ಳುವುದಿಲ್ಲ, ವೆಬ್‌ಸೈಟು ನಿಲ್ಲಿಸುತ್ತೇನೆ, ಎಲ್ಲ ಅಳಿಸಿಕೊಡಿ ಎಂದರು. ಸಾಮಾನ್ಯವಾಗಿ ಗಿರಾಕಿಗಳು ಫೋನಿನಲ್ಲೇ ಹೇಳಿ ಮುಗಿಸುತ್ತಾರೆ. ನರ್ಸಮ್ಮ, "ನಾನೇ ಬರ್ತೀನಿ. ಮಾತು ಕೊಟ್ಟಿದ್ದೀನಿ, ಎದುರಿಗೇ ಆಗ್ಬೇಕು" ಎಂದರು.

ಬಂದರು. ಸಣ್ಣ ಆಕೃತಿ, ಬಿಳಿ ಕೂದಲು, ಕೈಯಲ್ಲಿ ಕೋಲು. ರಬ್ಬರಕ್ಕ ಅದೇ ತಾನೇ ಕಾವಲಿನ ಪಟ್ಟಿಯನ್ನು ತೆರೆದಿದ್ದಳು. ಬಾಗಿಲಲ್ಲಿ ಅವರನ್ನು ಕಂಡದ್ದೇ ಗಡಬಡಿಸಿ ಎದ್ದು, ತನ್ನ ಗಾಲಿಕುರ್ಚಿಯನ್ನೇ ಬಿಟ್ಟುಕೊಟ್ಟು, ತಾನೊಂದು ಸ್ಟೂಲು ಎಳೆದುಕೊಂಡಳು.

"ಕೂತ್ಕೋ, ಕೂತ್ಕೋ ತಾಯಿ. ನಾನೇನು ದೊಡ್ಡ ಮನುಷ್ಯಳಲ್ಲ" ಎಂದರು ನರ್ಸಮ್ಮ. "ಇದ್ರಲ್ಲಿ ಏನೇನಿದೆ ಅಂತ ನಿಂಗೆ ಗೊತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ರಬ್ಬರಕ್ಕನ ಸ್ಥಿತಿ. "ಇಲ್ಲಮ್ಮ, ನಾವು ಒಳಗಿಂದು ನೋಡಲ್ಲ" ಎಂದಳು. ಕಿವಿ ಬಿಸಿಯಾಗಿದ್ದವು.

"ಒಳ್ಳೇದು. ಪಾಪ, ಹೇಳ್ಕೊಳ್ಳೋಕೆ ಯಾರೂ ಇಲ್ದೋರು ಬರ್ದಿರೋದು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ. ನನ್ನ ಮಾತು ಒಡೀಬಾರ್ದು ನೋಡು."

ರಬ್ಬರಕ್ಕ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಳಿಸುವ ಪುಟವನ್ನು ತೆರೆದು ಒಂದೊಂದೇ ಅಕ್ಷರ ಒತ್ತಿ ಹೆಸರು ಬರೆದಳು, ಬಾಯಿಬಿಟ್ಟು ಓದಿದಳು. ನರ್ಸಮ್ಮ ಹೂಂ ಅಂದರು. ಪುಟ ನಡೆಯಿತು. 'ಅಳಿಸಲಾಗಿದೆ' ಎಂದು ಪರದೆಯ ಮೇಲೆ ಬಂದದ್ದನ್ನು ಅವಳು ಓದಿ ಹೇಳಿದಳು. ಇಷ್ಟು ವರ್ಷದ ಮಾತುಗಳು ಹೋಗಲು ಒಂದು ಸಲ ಸೀನುವಷ್ಟು ಹೊತ್ತೂ ಹಿಡಿಯಲಿಲ್ಲ. ನರ್ಸಮ್ಮ ಹೇಳಿದ ಹಾಗೆ ವೆಬ್‌ಸೈಟಿನ ಮೊದಲ ಪುಟದಲ್ಲಿ ಒಂದೇ ಸಾಲನ್ನು ಉಳಿಸಿದಳು: 'ನೀವು ಬರೆದದ್ದೆಲ್ಲ ಇವತ್ತು ಅಳಿಸಿದೆ. ನೆಮ್ಮದಿಯಾಗಿರಿ.'

ಆ ಸಂಜೆ ಮನೆಯಲ್ಲಿ ರಬ್ಬರಕ್ಕ ಹಾಡು ಗುನುಗಿದಳು. ಅವಳ ಗಂಡ ಹಲ್ಲಿನ ಸೆಟ್ಟು ಮಾಡುವವನು. ಮನೆಯ ಮುಂದಿನ ಕೋಣೆಯಲ್ಲೇ ಅವನ ಕಾರ್ಖಾನೆ. ಕಿಟಕಿಯ ಕಟ್ಟೆಯ ಮೇಲೆ ಯಾರು ಯಾರದೋ ದವಡೆಗಳು ಸಾಲಾಗಿ ಕೂತು ಬೀದಿಗೆ ಹಲ್ಲು ಕಿರಿಯುತ್ತಿರುತ್ತವೆ. ಅವನು ಒಂದು ಕೋರೆಹಲ್ಲನ್ನು ಉಜ್ಜುತ್ತ, "ಏನು, ಇವತ್ತು ಭಾರಿ ಖುಷಿ? ಹಲ್ಲಿದ್ದೋರಿಗೆ ಕಡಲೆ ಸಿಕ್ತಾ?" ಎಂದು ಕೇಳಿದ. "ಕಡಲೆಗಿಂತ ದೊಡ್ದು" ಎಂದಳು. ಮಗಳು ಸೋಫಾದ ಮೇಲೆ ಕಾಲು ನೀಡಿ ಅಮ್ಮನ ತೊಡೆಗೆ ತಲೆ ತಂದಿಟ್ಟಳು. ಎಷ್ಟೋ ವರ್ಷದ ಮೇಲೆ ರಬ್ಬರಕ್ಕನಿಗೆ ಆ ತಲೆಯ ಭಾರ ಹಿತವಾಗಿ ಮಾತ್ರ ಇತ್ತು, ಅದರ ಜೊತೆ ಅಂಜಿಕೆ ಇರಲಿಲ್ಲ.

ಬೆಳಗ್ಗೆ ಹಲ್ಲುಜ್ಜುತ್ತ ಮೊಬೈಲು ನೋಡಿದರೆ ಕಾವಲಿನ ವರದಿ. 'ಒಂದು ಡೇಟಾಬೇಸ್ ಕಾಣೆಯಾಗಿತ್ತು. ಮರಳಿ ಇಡಲಾಗಿದೆ.' ಕೆಳಗೆ ಹೆಸರು.

ಬಾಯಲ್ಲಿ ನೊರೆ ಇಟ್ಟುಕೊಂಡೇ ನಿಂತುಬಿಟ್ಟಳು. ಪಟ್ಟಿಯನ್ನು ತೆರೆದಿದ್ದಳು ನಿಜ. ತೆಗೆದಿರಲಿಲ್ಲ. ನರ್ಸಮ್ಮ ಬಾಗಿಲಿಗೆ ಬಂದರು, ತಾನು ಎದ್ದಳು, ಸ್ಟೂಲು ಎಳೆದಳು, ಆ ಗಡಿಬಿಡಿಯಲ್ಲಿ ಆ ಕೆಲಸ ಆಗಿಹೋಯಿತೆಂದು ಮನಸ್ಸು ಗುರುತು ಹಾಕಿಕೊಂಡುಬಿಟ್ಟಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲಿ ಎಂದು ತಾನೇ ಸಾಕಿದ ಕಾವಲು, ಚಾಚೂ ತಪ್ಪದೆ ತನ್ನ ಕೆಲಸ ಮಾಡಿತ್ತು. ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ. ಅವಳು ಬಾಯಿ ತೊಳೆದು, ತಿಂಡಿಯನ್ನೂ ತಿನ್ನದೆ ಹೊರಟಳು.

ಯಜಮಾನರು ಆಗಲೇ ಬಂದು ಕೂತಿದ್ದರು, ಮುಖ ಅರಳಿಸಿಕೊಂಡು. ವರದಿ ಅವರಿಗೂ ಹೋಗಿತ್ತಲ್ಲ.

"ನೋಡಿದ್ಯೇನಮ್ಮ ನಿನ್ನ ಕಾವಲಿನ ಜಾಣತನ! ಅಳಿಸಿದ್ದನ್ನೂ ವಾಪಸ್ ತಂತು. ನಾನು ಎದ್ದ ಕೂಡ್ಲೇ ಬಂದು ಇನ್ನೊಂದು ಪ್ರತಿ ಡಿಸ್ಕಿಗೆ ಹಾಕಿಟ್ಟಿದ್ದೀನಿ." ಮೇಜಿನ ಡ್ರಾಯರನ್ನು ತಟ್ಟಿದರು. "ಅಷ್ಟು ವರ್ಷದ್ದು. ಹಾಗೆ ಕಣ್ಮುಚ್ಚಿ ಬಿಸಾಡೋದಾ?"

"ಸಾರ್, ಅದು ನನ್ನ ತಪ್ಪಿಂದ ಬಂದಿದ್ದು. ಈಗ್ಲೇ ಮತ್ತೆ ಅಳಿಸ್ತೀನಿ. ಆ ಡಿಸ್ಕನ್ನೂ ಕೊಡಿ."

"ಸರ್ವರಿಂದ ಅಳಿಸು. ಯಾರು ಬೇಡ ಅಂದ್ರು? ಇದೊಂದು ಪ್ರತಿ ಇರ್ಲಿ. ಹೆಸರು, ಫೋನ್ ನಂಬರು ಎಲ್ಲ ತೆಗೆದು, ಬರೀ ಪ್ರಶ್ನೆ ಉತ್ತರ ಇಟ್ರೆ ಎಷ್ಟು ಜನಕ್ಕೆ ಉಪಯೋಗ ಆಗುತ್ತೆ ಯೋಚ್ನೆ ಮಾಡು. ನಾಳೆ ಅಂಥದ್ದೇ ಕಷ್ಟ ಇನ್ಯಾರಿಗೋ ಬರಲ್ವಾ?"

ಅನ್ಯಾಯದ ಮಾತೇನಲ್ಲ ಅದು. ಯಜಮಾನರು ಕೆಟ್ಟವರಾಗಿದ್ದರೆ ಜಗಳಕ್ಕೆ ಸುಲಭವಾಗುತ್ತಿತ್ತು. "ನರ್ಸಮ್ಮ ಮಾತು ಕೊಟ್ಟಿದ್ದಾರೆ ಸಾರ್" ಎಂದಳು.

"ಅವ್ರಿಗೆ ಹೇಳ್ಬೇಡ ಬಿಡು. ಅಳಿಸಿದೆ ಅಂತ ನೆಮ್ಮದಿಯಾಗಿದ್ದಾರೆ. ಯಾಕೆ ಆ ವಯಸ್ಸಿನಲ್ಲಿ ಸುಮ್ನೆ ತಲೆಗೆ ಹುಳ ಬಿಡ್ತೀಯ?"

ರಬ್ಬರಕ್ಕ ತನ್ನ ಜಾಗಕ್ಕೆ ಹೋಗಿ ಕೂತಳು. ಒಂದು ಕಡೆ ಇದು ಒಪ್ಪುವ ಮಾತೇ ಅನ್ನಿಸಿತು. ಸರ್ವರಿನದನ್ನು ಸದ್ದಿಲ್ಲದೆ ಅಳಿಸಿದರೆ ತನ್ನ ಎಡವಟ್ಟು ಯಾರಿಗೂ ತಿಳಿಯುವುದಿಲ್ಲ. ಡಿಸ್ಕು ಆ ಡ್ರಾಯರಿನಲ್ಲಿ ಕೆಟ್ಟ ಕೀಬೋರ್ಡಿನ ಪಕ್ಕ ಇನ್ನು ನೂರು ವರ್ಷ ಬಿದ್ದಿರುತ್ತದೆ. ಆದರೆ ಡಿಸ್ಕಿನಲ್ಲಿ ತನ್ನ ಹೆಸರಿದೆ. ತನ್ನಂಥ ಎಷ್ಟೋ ಜನರ ಹೆಸರಿದೆ. ಅವರೆಲ್ಲ ನಿನ್ನೆ ಆ ಒಂದು ಸಾಲು ಓದಿ ತನ್ನ ಹಾಗೆಯೇ ಹಾಡು ಗುನುಗಿರಬಹುದು. ಅವರಿಗೆ ಸುಳ್ಳು ಹೇಳಿದ್ದು ನರ್ಸಮ್ಮ ಅಲ್ಲ, ನರ್ಸಮ್ಮನ ಬಾಯಿಂದ ತಾನು ಹೇಳಿಸಿದ್ದು. ಅದನ್ನು ನೆನೆದು ಅವಳಿಗೆ ನಾಚಿಕೆಯಾಯಿತು. ಫೋನು ಎತ್ತಿಕೊಂಡು, ಯಜಮಾನರಿಗೆ ಕೇಳಿಸುವ ಹಾಗೆಯೇ, ನರ್ಸಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಡಿಸ್ಕಿನ ವಿಷಯವನ್ನೂ.

ಆ ಕಡೆಯಿಂದ "ಬರ್ತೀನಿ" ಎಂದಷ್ಟೇ ಕೇಳಿಸಿತು.

ಯಜಮಾನರು ಟೀ ಬಂದಾಗ ಲೋಟ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕುಡಿದರು.

ನರ್ಸಮ್ಮ ಬಂದಾಗ ಇಬ್ಬರೂ ಎದ್ದು ನಿಂತರು. ನರ್ಸಮ್ಮ ರೇಗಲಿಲ್ಲ, ಗೊಣಗಲಿಲ್ಲ. ಕೋಲನ್ನು ಮೇಜಿಗೆ ಒರಗಿಸಿ ಕೂತು, "ಎಲ್ಲಿದೆ ಆ ಡಿಸ್ಕು?" ಎಂದರು.

ಯಜಮಾನರು ತಮ್ಮ ವಾದವನ್ನು ಮೊದಲಿನಿಂದ ಹೇಳಿದರು. ಚೆನ್ನಾಗಿಯೇ ಹೇಳಿದರು. ಹೆಸರು ಇರುವುದಿಲ್ಲ, ಊರು ಇರುವುದಿಲ್ಲ, ಬರೀ ಕಷ್ಟವೂ ಅದಕ್ಕೆ ನೀವು ಕೊಟ್ಟ ಮದ್ದೂ ಇರುತ್ತದೆ, ನೀವು ಪಟ್ಟ ಶ್ರಮ ಮಣ್ಣುಪಾಲಾಗುವುದನ್ನು ನನ್ನ ಕೈಲಿ ನೋಡಲಾಗುವುದಿಲ್ಲ ಎಂದರು. ಕಡೆಯ ಮಾತಿಗೆ ಅವರ ಧ್ವನಿ ನಿಜವಾಗಿಯೂ ನಡುಗಿತು. ನರ್ಸಮ್ಮ ಕೆಳಗೆ ನೋಡುತ್ತ ಕೂತರು. ಅವರಿಗೂ ಆಸೆಯಾಗಲಿಲ್ಲ ಎಂದು ಹೇಳಲಾಗದು. ಯಾರಿಗೆ ತಾನೇ ತಾವು ಮಾಡಿದ್ದು ಉಳಿಯಲಿ ಅನ್ನಿಸುವುದಿಲ್ಲ?

"ಹೆಸರು ತೆಗೆದ್ರೆ ಗೊತ್ತಾಗಲ್ಲ ಅಂತೀರಾ?" ಎಂದು ಅವರು ಮೆಲ್ಲಗೆ ಕೇಳಿದರು.

"ಖಂಡಿತಾ ಗೊತ್ತಾಗಲ್ಲಮ್ಮ. ಬರೆದವರಿಗೂ ಗೊತ್ತಾಗಲ್ಲ."

"ಗೊತ್ತಾಗುತ್ತೆ" ಎಂದಳು ರಬ್ಬರಕ್ಕ.

ಇಬ್ಬರೂ ಅವಳ ಕಡೆ ತಿರುಗಿದರು. ಅವಳು ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಅದ್ರಲ್ಲಿ ನಂದೂ ಒಂದಿದೆ. ಹೆಸರು ತೆಗೆದ್ರೂ, ಊರು ತೆಗೆದ್ರೂ, ಅಕ್ಷರ ಅಕ್ಷರ ನಂಗೆ ಗೊತ್ತಾಗುತ್ತೆ ಸಾರ್. ಯಾರೋ ಅದನ್ನ ಓದ್ತಾ ಇದ್ದಾರೆ ಅಂತ ಇಲ್ಲಿ ಗೊತ್ತಾಗುತ್ತೆ." ಎದೆ ಮುಟ್ಟಿ ತೋರಿಸಿದಳು. ಹೇಳಿ ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಯಜಮಾನರು ಅವಳ ಮುಖ ನೋಡಿದರು. ಇಷ್ಟು ವರ್ಷ ಎದುರಿಗೆ ಕೂತ ಹೆಂಗಸು ಅತ್ತದ್ದನ್ನು ಅವರು ನೋಡಿರಲಿಲ್ಲ. ಜೇಬಿನಿಂದ ಕೀಲಿ ತೆಗೆದು, ಡ್ರಾಯರು ಎಳೆದು, ಡಿಸ್ಕನ್ನು ತಂದು ಅವಳ ಕೈಗೇ ಕೊಟ್ಟರು. "ಬೇಡಮ್ಮ, ಇದು ಬೇಡ" ಎಂದು, ಯಾರೂ ಕರೆಯದಿದ್ದರೂ ಕೆಳಗಿನ ಸೈಕಲ್ ಅಂಗಡಿಯವನು ಕರೆದ ಎನ್ನುತ್ತ ಮೆಟ್ಟಿಲಿಳಿದು ಹೋದರು.

ರಬ್ಬರಕ್ಕ ಡಿಸ್ಕನ್ನು ಒರೆಸಿ ಬರಿದು ಮಾಡಿದಳು. ಕಾವಲಿನ ಪಟ್ಟಿಯಿಂದ ಹೆಸರು ತೆಗೆದಳು, ತೆಗೆದದ್ದನ್ನು ಇನ್ನೊಮ್ಮೆ ನೋಡಿದಳು. ಉಳಿದದ್ದು ಸರ್ವರಿನದು. ಅಳಿಸುವ ಪುಟ ತೆರೆದು ಹೆಸರು ಬರೆದು ಮುಗಿಸಿದಾಗ ನರ್ಸಮ್ಮ ಅವಳ ಕೈ ಹಿಡಿದು ತಡೆದರು.

"ಒಂದ್ನಿಮಿಷ. ನೀನು ಏನಂತ ಬರ್ದಿದ್ದೆ ತಾಯಿ? ಹೇಳ್ಬೇಕು ಅಂತೇನಿಲ್ಲ."

ರಬ್ಬರಕ್ಕ ಪರದೆಯ ಕಡೆಯೇ ನೋಡುತ್ತ ಹೇಳಿದಳು. "ಮಗು ಅತ್ರೆ ನಂಗೇನೂ ಅನ್ಸಲ್ಲ, ನಾನು ಕೆಟ್ಟವಳಾ, ಅಂತ."

ನರ್ಸಮ್ಮ ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದರು. ತಲೆ ಅಲ್ಲಾಡಿಸಿದರು. "ಜ್ಞಾಪಕಕ್ಕೆ ಬರ್ತಿಲ್ಲ ಕಣಮ್ಮ, ಸುಳ್ಳು ಯಾಕೆ ಹೇಳ್ಲಿ. ಅಂಥದ್ದು ಬಹಳ ಬರ್ತಿತ್ತು."

ಬಹಳ ಬರ್ತಿತ್ತು. ರಬ್ಬರಕ್ಕನಿಗೆ ಮೊದಲು ಚುರುಕ್ ಎಂದಿತು, ಆಮೇಲೆ ನಗು ಬಂತು. ಇಷ್ಟು ವರ್ಷ ಲೋಕದಲ್ಲಿ ತನ್ನೊಬ್ಬಳಿಗೇ ಆದ ಪಾಪವೆಂದು ಬಚ್ಚಿಟ್ಟುಕೊಂಡು ತಿರುಗಿದ್ದಳು. ಅವಳ ಪಕ್ಕದಲ್ಲೇ, ಅದೇ ಕಪ್ಪು ಪೆಟ್ಟಿಗೆಯೊಳಗೆ, ಅವಳಂಥವರು ಸಾಲಾಗಿ ಕೂತಿದ್ದರಂತೆ.

"ನಾನೇನು ಉತ್ತರ ಕೊಟ್ಟಿದ್ದೆ?" ನರ್ಸಮ್ಮ ಕೇಳಿದರು.

ಅದು ರಬ್ಬರಕ್ಕನಿಗೆ ಬಾಯಿಪಾಠ. "ನೀನು ಕೆಟ್ಟವಳಲ್ಲ, ಇದು ಕಾಯಿಲೆ, ಡಾಕ್ಟರ ಹತ್ರ ಹೋಗು ಅಂದಿದ್ರಿ. ಗಂಡನಿಗೆ ಹೇಳು ಅಂದಿದ್ರಿ. ಪ್ರೀತಿ ಬರ್ಲಿ ಅಂತ ಕಾಯ್ತಾ ಕೂರ್ಬೇಡ, ಹಾಲು ಕೊಡು, ಮೈ ಒರೆಸು, ಪಕ್ಕದಲ್ಲಿ ಮಲಗಿಸ್ಕೋ. ಅದು ತಡವಾಗಿ ಬರುತ್ತೆ, ಬಂದಿದ್ದು ನಿಂಗೇ ಗೊತ್ತಾಗಲ್ಲ, ಅಂದಿದ್ರಿ."

"ಗಂಡನಿಗೆ ಹೇಳಿದ್ಯಾ?"

"ಇಲ್ಲ. ಅರ್ಧ ಮಾತ್ರ ಕೇಳ್ದೆ."

"ಪೂರ್ತಿ ಕೇಳಿದ ರೋಗೀನ ನಾನಂತೂ ನೋಡಿಲ್ಲ ಬಿಡು." ನರ್ಸಮ್ಮ ಸ್ವಲ್ಪ ನಕ್ಕರು. ಆಮೇಲೆ ಅವರ ಮುಖದ ಮೇಲಿನ ನಗು ಹೋಯಿತು. ಏನನ್ನೋ ಕೇಳಲು ಹೆದರುವವರ ಹಾಗೆ ಅವಳ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು, "ಬಂತಾ?" ಎಂದರು.

"ಬಂತಮ್ಮ. ಯಾವತ್ತು ಅಂತ ಗೊತ್ತಿಲ್ಲ. ಒಂದಿನ ಅವಳು ನಿದ್ದೇಲಿ ಕೆಮ್ಮಿದ್ಲು. ನೋಡಿದ್ರೆ ನಾನು ಆಗ್ಲೇ ಎದ್ದು ಕೂತು ಅವಳ ಬೆನ್ನು ನೀವ್ತಾ ಇದ್ದೆ. ಯಾವಾಗ ಎದ್ದೆ ಅಂತ್ಲೇ ಗೊತ್ತಾಗ್ಲಿಲ್ಲ."

ನರ್ಸಮ್ಮ ಅತ್ತರು. ಮುದುಕಿಯರು ಅಳುವ ಹಾಗೆ ಸದ್ದಿಲ್ಲದೆ, ಬಾಯಿ ಬಿಗಿಹಿಡಿದು. "ಇಷ್ಟು ವರ್ಷ ಉತ್ತರ ಬರ್ದೆ" ಎಂದರು. "ಆಮೇಲೆ ಏನಾಯ್ತು ಅಂತ ಒಬ್ರೂ ಬಂದು ಹೇಳ್ಲಿಲ್ಲ. ಯಾಕೆ ಹೇಳ್ತಾರೆ? ಅಂಥದ್ದು ಬರೆದವರು ತಿರುಗಿ ಈ ಕಡೆ ಮುಖ ಹಾಕ್ತಾರಾ? ನಾನು ಹೇಳಿದ್ದು ಸರಿನಾ, ತಪ್ಪಾ, ಯಾರ ಮನೆ ಹಾಳು ಮಾಡಿದ್ನೋ ಅಂತ ಒಳಗೊಳಗೇ ಇತ್ತು. ನಿನ್ನೆ ಎಲ್ಲ ಅಳಿಸಿ ಮನೆಗೆ ಹೋದ್ನಲ್ಲ, ಊಟ ಸೇರ್ಲಿಲ್ಲ. ಇನ್ನು ಯಾವತ್ತೂ ಗೊತ್ತಾಗಲ್ಲ ಅಲ್ವಾ, ಅನ್ನಿಸ್ತು."

ರಬ್ಬರಕ್ಕ ಅವರಿಗೆ ನೀರು ಕೊಟ್ಟಳು. ಅವರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಈಗ ಅಳಿಸು" ಎಂದರು.

ಅವಳು ಹೆಸರನ್ನು ಬಾಯಿಬಿಟ್ಟು ಓದಿದಳು. ನರ್ಸಮ್ಮ ಹೂಂ ಅಂದರು. ಪುಟ ನಡೆಯಿತು, ಹೋಯಿತು.

ಮೆಟ್ಟಿಲು ಕಡಿದಾಗಿತ್ತು. ರಬ್ಬರಕ್ಕ ಮುಂದೆ, ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ನರ್ಸಮ್ಮ ಹಿಂದೆ, ಒಂದೊಂದೇ ಮೆಟ್ಟಿಲು ಇಳಿದರು. ಅರ್ಧ ಇಳಿದ ಮೇಲೆ ನರ್ಸಮ್ಮ ನಿಂತು, "ಮಗಳ ಹೆಸರೇನು?" ಎಂದು ಕೇಳಿದರು.

ರಬ್ಬರಕ್ಕ ಹೇಳಿದಳು. ನರ್ಸಮ್ಮ ಆ ಹೆಸರನ್ನು ತಾವೂ ಒಂದು ಸಲ ಮೆಲ್ಲಗೆ ಹೇಳಿ ನೋಡಿದರು. "ಇದು ನಂಗೆ ಜ್ಞಾಪಕ ಇರುತ್ತೆ" ಎಂದು, ಮುಂದಿನ ಮೆಟ್ಟಿಲಿಗೆ ಕಾಲು ಚಾಚಿದರು.